ಟ್ಯಾಕ್ಸ್ ಇಳಿಸಿದ್ರೆ ದೇಶ ಬೆಳೆಯುತ್ತಾ? ಎಷ್ಟಿದ್ದದ್ದನ್ನ ಎಷ್ಟಕ್ಕೆ ಇಳಿಸಿದ್ರು ಅಂತ ಮೊದ್ಲು ಕೇಳಿ

ಪ್ರಶ್ನೆ: ಸರ್, ನಾನು ರಾಣೆಬೆನ್ನೂರಿನವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಟೀಮ್ ಲೀಡ್ ಊಟದ ಹೊತ್ತಲ್ಲಿ ದಿನಾ ಒಂದೇ ಮಾತು, ಟ್ಯಾಕ್ಸ್ ಇಳಿಸಬೇಕು, ಸರ್ಕಾರ ಚಿಕ್ಕದಾಗಬೇಕು, ಮಾರ್ಕೆಟ್‌ನ ಅದರ ಪಾಡಿಗೆ ಬಿಟ್ರೆ ದೇಶ ತಾನಾಗೇ ಬೆಳೆಯುತ್ತೆ ಅಂತ. ಊರಿಗೆ ಹೋದಾಗ ಅಪ್ಪನ ಹತ್ರ ಇದನ್ನೇ ಹೇಳಿದ್ದಕ್ಕೆ "ನೀನು ಓದಿದ್ದು ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜು, ಅದನ್ನ ಮರೀಬೇಡ" ಅಂತ ಬೈದ್ರು. ಅಪ್ಪಂದು ಹಾರ್ಡ್‌ವೇರ್ ಅಂಗಡಿ, ಜಿಎಸ್‌ಟಿ ಅಂದ್ರೆ ಅವ್ರಿಗೂ ಸಿಟ್ಟೇ. ಇಬ್ಬರಲ್ಲಿ ಯಾರು ಸರಿ? ಇನ್ನೊಂದು, ಅಪ್ಪ ಜಿಎಸ್‌ಟಿಯ ಕಂಪೋಸಿಷನ್‌ಗೆ, ಅಂದ್ರೆ ಸಣ್ಣ ವ್ಯಾಪಾರಿಗಳಿಗಿರೋ ಸರಳ ತೆರಿಗೆ ಪದ್ಧತಿಗೆ, ಹೋಗೋದು ಒಳ್ಳೇದಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆ ಸಣ್ಣದು ಅನ್ನಿಸ್ಬಹುದು, ಆದ್ರೆ ಮೊದಲನೇದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ, ಹಂಗಾಗಿ ಅದನ್ನ ಕೊನೆಗೆ ಇಟ್ಕೊಳ್ತೀನಿ. ನಾನು ದಾವಣಗೆರೆಲಿ ಮೂವತ್ತು ವರ್ಷದ ಮೇಲಾಯ್ತು ಆಡಿಟರ್ ಆಗಿ, ಜೊತೆಗೆ ಅರ್ಥಶಾಸ್ತ್ರ ಓದಿದವನು, ನಾನು ನೋಡಿದ್ದನ್ನ ನೇರವಾಗಿ ಹೇಳ್ತೀನಿ.

ಟೀಮ್ ಲೀಡ್ ಹೇಳೋ ಮಾತು ಎಲ್ಲಿಂದ ಬಂತು ಅಂತ ಮೊದ್ಲು ನೋಡಿ. 1974ರಲ್ಲಿ ವಾಷಿಂಗ್ಟನ್‌ನ ಒಂದು ಹೋಟೆಲಲ್ಲಿ ಆರ್ಥರ್ ಲ್ಯಾಫರ್ ಅನ್ನೋ ಅರ್ಥಶಾಸ್ತ್ರಜ್ಞ ಊಟದ ಟೇಬಲ್ ಮೇಲಿನ ನ್ಯಾಪ್‌ಕಿನ್ ಮೇಲೆ ಒಂದು ಗೆರೆ ಎಳೆದು ತೋರಿಸಿದ್ರು ಅಂತ ಕತೆ ಇದೆ. ತೆರಿಗೆ ಸೊನ್ನೆ ಇದ್ರೆ ಸರ್ಕಾರಕ್ಕೆ ಬರೋದು ಸೊನ್ನೆ, ನೂರಕ್ಕೆ ನೂರು ಇದ್ರೂ ಬರೋದು ಸೊನ್ನೆ, ಯಾಕಂದ್ರೆ ಎಲ್ಲಾ ಕಿತ್ಕೊಳ್ತಾರೆ ಅಂದ್ರೆ ಯಾರು ದುಡೀತಾರೆ, ದುಡಿದ್ರೂ ಯಾರು ತೋರಿಸ್ತಾರೆ. ಹಂಗಾದ್ರೆ ನಡುವೆ ಎಲ್ಲೋ ಒಂದು ಎತ್ತರದ ಜಾಗ ಇರ್ಲೇಬೇಕು, ಅದನ್ನ ದಾಟಿ ಹೋಗಿದ್ರೆ ದರ ಇಳಿಸಿದಷ್ಟೂ ಸರ್ಕಾರಕ್ಕೆ ದುಡ್ಡು ಜಾಸ್ತಿ ಬರುತ್ತೆ. ತರ್ಕ ಸರಿಯಾಗೇ ಇದೆ. ಆದ್ರೆ ಆ ಎತ್ತರದ ಜಾಗ 30ರಲ್ಲಿದೆಯಾ 70ರಲ್ಲಿದೆಯಾ ಅಂತ ಆ ಗೆರೆ ಹೇಳಲ್ಲ. ಇಡೀ ಜಗಳ ಇರೋದೇ ಅಲ್ಲಿ.

ನಮ್ಮ ದೇಶದಲ್ಲಿ ಅದೇ ಹೊತ್ತಿಗೆ ಏನಿತ್ತು ಗೊತ್ತಾ? 1973-74ರಲ್ಲಿ ವರ್ಷಕ್ಕೆ 2 ಲಕ್ಷ ದಾಟಿದ ಆದಾಯಕ್ಕೆ 85% ತೆರಿಗೆ, ಆ ತೆರಿಗೆ ಮೇಲೆ 15% ಸರ್‌ಚಾರ್ಜ್, ಒಟ್ಟು 97.75%. ನೂರು ರೂಪಾಯಿ ಜಾಸ್ತಿ ದುಡಿದ್ರೆ ಕೈಯಲ್ಲಿ ಉಳಿಯೋದು ಎರಡೂಕಾಲು ರೂಪಾಯಿ! ಅದರ ಮೇಲೆ ಸಂಪತ್ತು ತೆರಿಗೆ ಬೇರೆ, ಎರಡೂ ಸೇರಿದ್ರೆ ಕೆಲವರಿಗೆ ದುಡಿದಿದ್ದಕ್ಕಿಂತ ಕಟ್ಟೋದೇ ಜಾಸ್ತಿ ಆಗೋದು. ಹನ್ನೊಂದು ಸ್ಲ್ಯಾಬ್ ಇದ್ವು. ಆಗಿನ ಕಾಲಕ್ಕೆ 2 ಲಕ್ಷ ದೊಡ್ಡ ದುಡ್ಡು, ಸಾಮಾನ್ಯ ಜನಕ್ಕೆ ಇದು ತಟ್ಟಲಿಲ್ಲ ನಿಜ. ತಟ್ಟಿದ್ದು ಮಿಲ್ಲು ನಡೆಸೋರಿಗೆ, ಜಿನ್ನಿಂಗ್ ಫ್ಯಾಕ್ಟರಿಯೋರಿಗೆ, ದೊಡ್ಡ ದಲಾಲಿ ಮಂಡಿಯೋರಿಗೆ, ಅಂದ್ರೆ ನಾಲ್ಕು ಜನಕ್ಕೆ ಕೆಲಸ ಕೊಡೋರಿಗೆ.

ನಾನು ಆರ್ಟಿಕಲ್‌ಶಿಪ್, ಅಂದ್ರೆ ಆಡಿಟರ್ ಆಗೋಕೆ ಮೊದಲಿನ ತರಬೇತಿ, ಮಾಡಿದ ಆಫೀಸಲ್ಲಿ ಹಳೇ ಕಾಲದ ಲೆಕ್ಕದ ಪುಸ್ತಕ ಇನ್ನೂ ಇದ್ವು. ಕೆಂಪು ಬಟ್ಟೆ ರಟ್ಟಿನ ಉದ್ದನೇ ಕಿರ್ದಿ, ದಾರ ಸುತ್ತಿ ಕಟ್ಟಿರ್ತಿದ್ರು. ನಮ್ಮ ಸೀನಿಯರ್ ಒಂದು ದಿನ ಎರಡು ಕಿರ್ದಿ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದ್ರು, ಒಂದೇ ಅಂಗಡಿ, ಒಂದೇ ವರ್ಷ, ಒಂದರಲ್ಲಿ ದೀಪಾವಳಿ ಹಿಂದಿನ ದಿನದ ವ್ಯಾಪಾರ ಇನ್ನೊಂದರ ಮೂರರಷ್ಟಿತ್ತು. ಇದೇ ನಂಬರ್ ಟೂ ಲೆಕ್ಕ. "ಆ ಮನುಷ್ಯ ಕಳ್ಳ ಅಲ್ಲ ಕಣಯ್ಯ, ಎಪ್ಪತ್ತು ಜನಕ್ಕೆ ಊಟ ಹಾಕ್ತಿದ್ದ, ಕಾನೂನು ಅವನ್ನ ಕಳ್ಳನ್ನ ಮಾಡ್ತು" ಅಂದಿದ್ರು. ಆ ಮಾತು ನನಗೆ ಇವತ್ತಿಗೂ ಕಿವೀಲಿದೆ. ನಂಬರ್ ಟೂ ದುಡ್ಡು ಬ್ಯಾಂಕಿಗೆ ಹೋಗಲ್ಲ, ಹೊಸ ಮಷೀನಿಗೆ ಹೋಗಲ್ಲ, ಅದು ಸೈಟಿಗೆ, ಚಿನ್ನಕ್ಕೆ, ಮದುವೆಗೆ ಹೋಗುತ್ತೆ. ತೆರಿಗೆ ಹೆಚ್ಚಾದಾಗ ದೇಶಕ್ಕಾಗೋ ನಿಜವಾದ ನಷ್ಟ ಇದು, ಸರ್ಕಾರಕ್ಕೆ ಬರದೇ ಹೋದ ದುಡ್ಡಿಗಿಂತ ದೊಡ್ಡದು.

ಇದನ್ನ ಸರ್ಕಾರವೇ ನೇಮಿಸಿದ ವಾಂಛೂ ಸಮಿತಿ 1971ರಲ್ಲೇ ಹೇಳಿತ್ತು, ಕಪ್ಪು ಹಣಕ್ಕೆ ಮೊದಲ ಕಾರಣ ಈ ದರಗಳೇ ಅಂತ. ಆಮೇಲೆ ಮೆಟ್ಲು ಮೆಟ್ಲಾಗಿ ಇಳೀತು. 1974ರಲ್ಲಿ 77, 1976ರಲ್ಲಿ 66, 1985ರಲ್ಲಿ ವಿ.ಪಿ. ಸಿಂಗ್ ಬಜೆಟ್‌ನಲ್ಲಿ 50, 1992ರಲ್ಲಿ ಮನಮೋಹನ್ ಸಿಂಗ್ 40ಕ್ಕೆ ತಂದ್ರು, 1997ರಲ್ಲಿ ಚಿದಂಬರಂ 30 ಮಾಡಿದ್ರು. ಇಲ್ಲೀವರೆಗೆ ನಿಮ್ಮ ಟೀಮ್ ಲೀಡ್ ನೂರಕ್ಕೆ ನೂರು ಸರಿ. ಈ ಇಳಿಕೆ ಆಗದೇ ಇದ್ದಿದ್ರೆ ಇವತ್ತು ಕೋಟಿಗಟ್ಟಲೆ ಜನ ತಾವಾಗೇ ರಿಟರ್ನ್ ಹಾಕ್ತಿರ್ಲಿಲ್ಲ, ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ, ನನ್ನ ಕ್ಲೈಂಟುಗಳಲ್ಲಿ ಅಪ್ಪ ಅಡಗಿಸಿದ್ದನ್ನ ಮಗ ತೋರಿಸೋದನ್ನ ಕಣ್ಣಾರೆ ನೋಡಿದ್ದೀನಿ.

ಈಗ ಅದೇ ತರ್ಕನ 30ರ ಕೆಳಗೆ ಎಳೆದ್ರೆ ಏನಾಗುತ್ತೆ ಅನ್ನೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2019ರ ಸೆಪ್ಟೆಂಬರ್ 20ಕ್ಕೆ ನಿರ್ಮಲಾ ಸೀತಾರಾಮನ್ ಕಂಪನಿಗಳ ತೆರಿಗೆನ 30ರಿಂದ 22ಕ್ಕೆ ಇಳಿಸಿದ್ರು, ಹೊಸದಾಗಿ ಫ್ಯಾಕ್ಟರಿ ಹಾಕೋ ಕಂಪನಿಗೆ 15 ಅಷ್ಟೇ. ವರ್ಷಕ್ಕೆ ಸುಮಾರು 1.45 ಲಕ್ಷ ಕೋಟಿ ಬಿಟ್ಟುಕೊಡ್ತಿದ್ದೀವಿ ಅಂತ ಸರ್ಕಾರವೇ ಹೇಳ್ತು. ಕಂಪನಿಗಳು ಆ ದುಡ್ಡಲ್ಲಿ ಹೊಸ ಫ್ಯಾಕ್ಟರಿ ಹಾಕ್ತಾವೆ, ಕೆಲಸ ಹುಟ್ಟುತ್ತೆ ಅನ್ನೋ ಲೆಕ್ಕ. ಆರು ತಿಂಗಳಿಗೆ ಕೋವಿಡ್ ಬಂತು, ಅದನ್ನ ಒಪ್ಕೋಬೇಕು, ಅದಕ್ಕೆ ತೆರಿಗೆ ಏನು ಮಾಡುತ್ತೆ. ಆದ್ರೆ ಕೋವಿಡ್ ಹೋದ್ಮೇಲೂ ಕಂಪನಿಗಳ ಲಾಭ ಏರಿದ ಹಾಗೆ ಖಾಸಗಿ ಬಂಡವಾಳ ಏರ್ಲಿಲ್ಲ, ಎಷ್ಟೋ ಕಂಪನಿ ಉಳಿದ ದುಡ್ಡಲ್ಲಿ ಹಳೇ ಸಾಲ ತೀರಿಸಿಕೊಂಡ್ವು. 2023-24ಕ್ಕೆ ಬಂದ್ರೆ ನಿಮ್ಮಂಥ ಸಂಬಳದೋರು, ನಿಮ್ಮಪ್ಪನಂಥ ವ್ಯಾಪಾರಸ್ಥರು ಕಟ್ಟಿದ ಆದಾಯ ತೆರಿಗೆ 10 ಲಕ್ಷ ಕೋಟಿ ದಾಟಿತ್ತು, ಕಂಪನಿಗಳೆಲ್ಲಾ ಸೇರಿ ಕಟ್ಟಿದ್ದು 9 ಲಕ್ಷ ಕೋಟಿ ಚಿಲ್ಲರೆ.

ಯಾಕೆ ಹಿಂಗಾಯ್ತು? ಯಾವ ಫ್ಯಾಕ್ಟರಿ ಮಾಲೀಕನೂ ತೆರಿಗೆ ಕಮ್ಮಿ ಅಂತ ಎರಡನೇ ಶೆಡ್ ಹಾಕಲ್ಲ. ಮೊದಲನೇ ಶೆಡ್ಡಿನ ಮಾಲು ಖಾಲಿಯಾಗ್ತಿದ್ರೆ ಹಾಕ್ತಾನೆ. ಹಾಕೋಕೆ ಹೊರಟ್ರೆ ಜಮೀನಿಗೆ ಕನ್ವರ್ಷನ್, ಕರೆಂಟಿಗೆ ಮಂಜೂರಾತಿ, ಮಾಲಿನ್ಯ ಮಂಡಳಿ ಒಪ್ಪಿಗೆ, ಫೈರ್‌ನೋರು, ಬಾಯ್ಲರ್ ಇನ್‌ಸ್ಪೆಕ್ಟರ್. ಆ 15% ರಿಯಾಯಿತಿಗೆ ಮೊದ್ಲು 2023ರ ಮಾರ್ಚ್ ಅಂತ ಗಡುವು ಇತ್ತು, ಒಂದು ವರ್ಷ ಮುಂದಕ್ಕೆ ಹಾಕಿ 2024ರ ಮಾರ್ಚ್‌ಗೆ ಮುಗೀತು. ನನ್ನ ಒಬ್ಬ ಕ್ಲೈಂಟ್ ಆಹಾರ ಸಂಸ್ಕರಣೆ ಘಟಕ ಹಾಕ್ಬೇಕು ಅಂತ ಹೊಸ ಕಂಪನಿ ರಿಜಿಸ್ಟರ್ ಮಾಡ್ಸಿ ಓಡಾಡ್ತಿದ್ರು, ಗಡುವು ಮುಗಿಯೋ ಹೊತ್ತಿಗೆ ಅವರ ಕೈಯಲ್ಲಿದ್ದಿದ್ದು ಒಂದು ಫೈಲು, ಜಾಗದಲ್ಲಿ ನಾಲ್ಕು ಕಲ್ಲು ಕಂಬ. 15% ದರ ಅವರಿಗೆ ಬೇಡ ಅಂತಲ್ಲ, ಅಲ್ಲೀವರೆಗೆ ತಲುಪೋಕೇ ಆಗ್ಲಿಲ್ಲ.

ಇಲ್ಲಿಂದ ನನ್ನ ಮಾತು ಶುರು. ಮುಕ್ತ ಮಾರುಕಟ್ಟೆ ಪರವಾಗಿರೋರ ವಾದದಲ್ಲಿ ಎರಡು ಭಾಗ ಇದೆ, ಜನ ಎರಡನ್ನೂ ಸೇರಿಸಿ ಕಲಸಿಬಿಡ್ತಾರೆ. ಒಂದು, ತೆರಿಗೆ ದರ ಕಮ್ಮಿ ಇರ್ಬೇಕು ಅನ್ನೋದು. ಇನ್ನೊಂದು, ದುಡಿಯೋ ಮನುಷ್ಯನ್ನ ಪ್ರತಿ ಹೆಜ್ಜೆಗೂ ತಡೆದು ಪರ್ಮಿಷನ್ ಕೇಳಬೇಡಿ ಅನ್ನೋದು. ಮೊದಲನೇದು 97% ತೆರಿಗೆ ಇದ್ದ ಕಾಲದಲ್ಲಿ ದೊಡ್ಡ ಸತ್ಯ, ಈಗಿನ ದರದಲ್ಲಿ ಚಿಕ್ಕ ಸತ್ಯ. ಎರಡನೇದು ಆಗಲೂ ದೊಡ್ಡದು, ಈಗಲೂ ದೊಡ್ಡದು. ಆದ್ರೆ ಬೆಂಗಳೂರಿನ ಆಫೀಸುಗಳಲ್ಲಿ ಮಾತಾಡೋದೆಲ್ಲಾ ಮೊದಲನೇದರ ಬಗ್ಗೆ, ಯಾಕಂದ್ರೆ ಸಂಬಳದ ಸ್ಲಿಪ್ಪಲ್ಲಿ ಕಾಣೋದು ಅದೊಂದೇ.

ಈ ಎರಡನೇ ಮಾತನ್ನ ನಮ್ಮ ಕಡೆಯವರೇ ಒಬ್ಬರು ಎಲ್ಲರಿಗಿಂತ ಮೊದ್ಲು ಗಟ್ಟಿಯಾಗಿ ಹೇಳಿದ್ರು, ಅದು ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ ಅಂತ ನನಗೆ ಬೇಜಾರು. ಬಿ.ಆರ್. ಶೆಣೈ. ಬೆಳ್ಳಿಕೋತ್‌ನವರು, ಆಗ ದಕ್ಷಿಣ ಕನ್ನಡ ಜಿಲ್ಲೆ, ಈಗ ಕಾಸರಗೋಡು. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ಕೊಡೋಕೆ ದೇಶದ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರ ಸಮಿತಿ ಮಾಡಿದ್ರು. ಎಲ್ಲರೂ ಸಹಿ ಹಾಕಿದ್ರು, ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದು ಕೊಟ್ರು. ಅವರು ಹೇಳಿದ್ದು ಮನೆ ಯಜಮಾನನಿಗೂ ಅರ್ಥ ಆಗೋ ಮಾತು: ಜನ ಎಷ್ಟು ಉಳಿಸ್ತಾರೋ ಅಷ್ಟರ ಮೇಲೆ ಯೋಜನೆ ಕಟ್ಟಿ, 1,200 ಕೋಟಿ ನೋಟು ಮುದ್ರಿಸಿ ತುಂಬಿಸ್ತೀವಿ ಅಂದ್ರೆ ಬೆಲೆ ಏರುತ್ತೆ, ವಿದೇಶಿ ವಿನಿಮಯ ಖಾಲಿಯಾಗುತ್ತೆ, ಅದನ್ನ ತಡೆಯೋಕೆ ಕಂಟ್ರೋಲು ಹಾಕ್ತೀರಿ, ಕಂಟ್ರೋಲಿಂದ ಲೈಸೆನ್ಸ್ ಇದ್ದೋನು ಕೂತಲ್ಲೇ ಶ್ರೀಮಂತ ಆಗ್ತಾನೆ. ಯೋಜನೆ ಶುರುವಾಗಿ ಒಂದು ವರ್ಷ ಕಳೆಯೋದ್ರೊಳಗೆ, 1957ರಲ್ಲಿ, ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು. ಆದ್ರೂ ಅವರ ಮಾತು ಯಾರೂ ಕೇಳ್ಲಿಲ್ಲ. ಶೆಣೈ 1978ರಲ್ಲಿ ತೀರ್ಕೊಂಡ್ರು, ಲೈಸೆನ್ಸ್ ವ್ಯವಸ್ಥೆ ಬಿದ್ದಿದ್ದು 1991ರ ಜುಲೈ 24ಕ್ಕೆ, ಆವತ್ತು 18 ಉದ್ಯಮ ಬಿಟ್ಟು ಉಳಿದಿದ್ದಕ್ಕೆಲ್ಲಾ ಕೈಗಾರಿಕಾ ಲೈಸೆನ್ಸ್ ತೆಗೆದುಹಾಕಿದ್ರು. ಹದಿಮೂರು ವರ್ಷ ತಡ, ಅವರ ಕಣ್ಣಿಗೆ ಕಾಣ್ಲಿಲ್ಲ.

ಗಮನಿಸಿ, ಶೆಣೈ ಅವರ ಮುಖ್ಯ ಜಗಳ ತೆರಿಗೆ ದರದ ಮೇಲಲ್ಲ, ಸರ್ಕಾರ ತನ್ನ ಕೈಲಿಲ್ಲದ ದುಡ್ಡನ್ನ ಖರ್ಚು ಮಾಡೋದರ ಮೇಲೆ, ಪರ್ಮಿಟ್ ಮೇಲೆ. ಮುಕ್ತ ಮಾರುಕಟ್ಟೆ ಪರ ಇದ್ದ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ಕೂಡ ಜೀವನಪೂರ್ತಿ ಇದನ್ನೇ ಹೇಳ್ತಿದ್ರು, ನಿಜವಾದ ತೆರಿಗೆ ಅಂದ್ರೆ ಸರ್ಕಾರದ ಖರ್ಚು, ಖರ್ಚು ಇಳಿಸದೆ ತೆರಿಗೆ ಇಳಿಸಿದ್ರೆ ಅದು ತೆರಿಗೆ ಇಳಿಸಿದ ಹಾಗಲ್ಲ, ನಾಳೆಗೆ ಮುಂದೂಡಿದ ಹಾಗೆ. ಇವತ್ತು ತೆರಿಗೆ ಇಳಿಸ್ತೀವಿ ಅನ್ನೋ ರಾಜಕಾರಣಿಗಳು ಈ ಅರ್ಧ ಮಾತನ್ನ ಬಿಟ್ಟುಬಿಡ್ತಾರೆ.

ಬಿಟ್ರೆ ಏನಾಗುತ್ತೆ ಅಂತ ಬೇಕಾದ್ರೆ ಕ್ಯಾನ್ಸಸ್ ನೋಡಿ. ಅಮೆರಿಕದ ಆ ರಾಜ್ಯದಲ್ಲಿ 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆ ಇಳಿಸಿ, ಸಣ್ಣ ಬಿಸಿನೆಸ್ ಆದಾಯಕ್ಕೆ ರಾಜ್ಯದ ತೆರಿಗೆ ಸೊನ್ನೆ ಅಂದ್ರು. ಜನ ಏನು ಮಾಡಿದ್ರು? ಹೊಸ ಬಿಸಿನೆಸ್ ಶುರು ಮಾಡೋ ಬದ್ಲು ಇದ್ದ ಆದಾಯನೇ ಬಿಸಿನೆಸ್ ಆದಾಯ ಅಂತ ಹೆಸರು ಬದಲಾಯಿಸಿ ತೋರಿಸಿದ್ರು, ಆಡಿಟರ್ ಆಗಿ ನನಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಖಜಾನೆ ಖಾಲಿ, ರಾಜ್ಯದ ಕ್ರೆಡಿಟ್ ರೇಟಿಂಗ್ ಬಿತ್ತು, ಶಾಲೆಗಳಿಗೆ ದುಡ್ಡಿಲ್ಲ. 2017ರಲ್ಲಿ ಅವರದೇ ಪಕ್ಷದ ಬಹುಮತ ಇದ್ದ ಶಾಸನಸಭೆ ಅವರ ವಿಟೋ ಮೀರಿ ಆ ಕಾನೂನನ್ನ ವಾಪಸ್ ತಗೊಳ್ತು. ಬ್ರಿಟನ್ನಿಂದು ಇನ್ನೂ ಬೇಗ ಮುಗೀತು, 2022ರ ಸೆಪ್ಟೆಂಬರ್ 23ಕ್ಕೆ ಪ್ರಧಾನಿ ಲಿಜ್ ಟ್ರಸ್ ಸರ್ಕಾರ 45 ಬಿಲಿಯನ್ ಪೌಂಡ್ ತೆರಿಗೆ ಕಡಿತ ಅಂತ ಘೋಷಿಸ್ತು, ದುಡ್ಡು ಎಲ್ಲಿಂದ ಅಂತ ಹೇಳ್ಲಿಲ್ಲ, ಪೌಂಡ್ ಬಿತ್ತು, ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ಸರ್ಕಾರಿ ಬಾಂಡ್ ಕೊಂಡು ಕಾಪಾಡ್ಬೇಕಾಯ್ತು, ಅಕ್ಟೋಬರ್ 20ಕ್ಕೆ ಆಕೆ ರಾಜೀನಾಮೆ ಕೊಟ್ರು. ಅವರನ್ನ ಬೀಳಿಸಿದ್ದು ಯಾವ ಸಮಾಜವಾದಿಗಳೂ ಅಲ್ಲ, ಮಾರ್ಕೆಟ್ಟೇ.

ಟೀಮ್ ಲೀಡ್ ಹಾಂಗ್‌ಕಾಂಗ್ ಹೆಸರು ತೆಗೆದೇ ತೆಗೀತಾರೆ, ಇಲ್ಲದಿದ್ರೆ ನಾಳೆ ತೆಗೀತಾರೆ. ಒಳ್ಳೇ ಉದಾಹರಣೆ ಅದು. 1961ರಿಂದ 1971ರವರೆಗೆ ಅಲ್ಲಿ ಜಾನ್ ಕೌಪರ್‌ಥ್ವೈಟ್ ಅನ್ನೋ ಹಣಕಾಸು ಕಾರ್ಯದರ್ಶಿ ಇದ್ರು, ಸಂಬಳದ ಮೇಲೆ ತೆರಿಗೆ ಎಷ್ಟೇ ಆದ್ರೂ 15% ಮೀರ್ತಿರ್ಲಿಲ್ಲ, ಆಮದು ಸುಂಕ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಜಿಡಿಪಿ ಲೆಕ್ಕ ಹಾಕೋಕೂ ಅವರು ಒಪ್ತಿರ್ಲಿಲ್ಲ, ಲೆಕ್ಕ ಸಿಕ್ರೆ ಅಧಿಕಾರಿಗಳಿಗೆ ಮೂಗು ತೂರಿಸೋ ಚಪಲ ಬರುತ್ತೆ ಅಂತ. ಬಡ ನಿರಾಶ್ರಿತರ ಊರು ಒಂದು ತಲೆಮಾರಲ್ಲಿ ಶ್ರೀಮಂತ ಆಯ್ತು. ಇದೆಲ್ಲಾ ನಿಜ. ಹೇಳದೇ ಬಿಡೋ ಭಾಗ ಏನಂದ್ರೆ ಹಾಂಗ್‌ಕಾಂಗಲ್ಲಿ ಹೆಚ್ಚುಕಮ್ಮಿ ಎಲ್ಲಾ ಭೂಮಿ ಸರ್ಕಾರದ್ದು! ಲೀಸ್ ಹರಾಜು ಹಾಕಿ ಆ ದುಡ್ಡಲ್ಲಿ ಖಜಾನೆ ತುಂಬಿಸ್ತಾರೆ, ಅದಕ್ಕೇ ಆದಾಯ ತೆರಿಗೆ ಅಷ್ಟು ಕಮ್ಮಿ ಇಡೋಕೆ ಆಗೋದು. 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೇ ಅನ್ನೋ ಗುಡಿಸಲು ಪ್ರದೇಶಕ್ಕೆ ಬೆಂಕಿ ಬಿದ್ದು 50,000ಕ್ಕೂ ಹೆಚ್ಚು ಜನ ಬೀದಿಗೆ ಬಂದ್ರು, ಆಮೇಲೆ ಸರ್ಕಾರ ಮನೆ ಕಟ್ಟೋಕೆ ಶುರು ಮಾಡ್ತು, ಇವತ್ತು ಅಲ್ಲಿನ ಅರ್ಧದಷ್ಟು ಜನ ಇರೋದು ಸರ್ಕಾರ ಕಟ್ಟಿದ ಅಥವಾ ಸಹಾಯಧನ ಕೊಟ್ಟ ಮನೇಲಿ. ಹಂಗಾದ್ರೆ ಹಾಂಗ್‌ಕಾಂಗ್ ಸರ್ಕಾರ ಚಿಕ್ಕದಾ ದೊಡ್ಡದಾ? ವ್ಯಾಪಾರದ ವಿಷಯಕ್ಕೆ ಕೈ ಹಾಕ್ಲಿಲ್ಲ, ಮನೆ, ನೆಲ, ಕೋರ್ಟು, ಬಂದರು ಗಟ್ಟಿಯಾಗಿ ಹಿಡ್ಕೊಂಡ್ತು.

ಅಷ್ಟು ದೂರ ಯಾಕೆ, ನೀವು ಕೂತಿರೋ ಬೆಂಗಳೂರನ್ನೇ ನೋಡಿ. ಐಟಿ ಕಂಪನಿಗಳಿಗೆ ಎಸ್‌ಟಿಪಿಐ ಅನ್ನೋ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಯೋಜನೆಯಲ್ಲಿ ರಫ್ತಿನ ಲಾಭದ ಮೇಲೆ ವರ್ಷಗಟ್ಟಲೆ ತೆರಿಗೆ ವಿನಾಯಿತಿ ಇತ್ತು, 2011ರ ಮಾರ್ಚ್ 31ಕ್ಕೆ ಮುಗೀತು. ಆಗ ಎಷ್ಟೋ ಜನ ಇನ್ನು ಐಟಿ ಕತೆ ಮುಗೀತು ಅಂದ್ರು. ಕೆಲವು ಕಂಪನಿ ಹೊಸ ಘಟಕನ ಎಸ್‌ಇಝಡ್, ಅಂದ್ರೆ ವಿಶೇಷ ಆರ್ಥಿಕ ವಲಯದ ಒಳಗೆ ಹಾಕಿದ್ವು, ಅಲ್ಲಿ ಬೇರೆ ರಿಯಾಯಿತಿ ಇತ್ತು ನಿಜ, ಆದ್ರೆ ಯಾರೂ ಊರು ಬಿಟ್ಟು ಹೋಗ್ಲಿಲ್ಲ. ಯಾಕಂದ್ರೆ ಅವರನ್ನ ಇಲ್ಲಿಗೆ ತಂದಿದ್ದು ತೆರಿಗೆ ಒಂದೇ ಅಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗ ಅವರಿಗೆ ಬೇಕಾಗಿದ್ದು ಉಪಗ್ರಹದ ಲೈನು, ಅದು ಸಿಕ್ತು. ಎಸ್‌ಟಿಪಿಐ ಕೊಟ್ಟ ದೊಡ್ಡ ಉಪಕಾರ ಅಂದ್ರೆ ಕಂಪ್ಯೂಟರ್ ತರಿಸೋಕೆ, ಲೈನ್ ತಗೊಳ್ಳೋಕೆ, ಕಸ್ಟಮ್ಸ್ ಕಾಗದಕ್ಕೆ ಒಂದೇ ಬಾಗಿಲು. ಇನ್‌ಸ್ಪೆಕ್ಟರ್ ಕಾಟ ಇರ್ಲಿಲ್ಲ. ಸಾಫ್ಟ್‌ವೇರ್ ಲಾರೀಲಿ ಹೋಗಲ್ಲ, ಚೆಕ್‌ಪೋಸ್ಟಲ್ಲಿ ನಿಲ್ಲಿಸೋಕೆ ಆಗಲ್ಲ, ಅದರ ಬೆಳವಣಿಗೆಗೆ ಇದು ಎಷ್ಟು ದೊಡ್ಡ ಕಾರಣ ಅಂತ ಟೆಕ್ಸ್‌ಟೈಲ್‌ನೋರನ್ನ ಕೇಳಿದ್ರೆ ಹೇಳ್ತಾರೆ.

ಆದ್ರೆ ಆ ಲೈನಿನ ಈ ತುದೀಲಿ ಕೂತು ಕೆಲಸ ಮಾಡೋ ಇಂಜಿನಿಯರು ಎಲ್ಲಿಂದ ಬಂದ್ರು? 1909ರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಟಾಟಾ ದಾನ, ಮೈಸೂರು ಮಹಾರಾಜರ ಜಮೀನು. 1940ರ ವಿಮಾನದ ಎಚ್‌ಎಎಲ್, ಅದಾದ್ಮೇಲೆ ಬಂದ ಟೆಲಿಫೋನಿನ ಐಟಿಐ, ಮಷೀನು, ವಾಚಿನ ಎಚ್‌ಎಂಟಿ, 1954ರ ಎಲೆಕ್ಟ್ರಾನಿಕ್ಸ್‌ನ ಬಿಇಎಲ್, ಆಮೇಲೆ ಇಸ್ರೋ. ಎಲ್ಲಾ ಸರ್ಕಾರದ ದುಡ್ಡು, ಇಲ್ಲಾ ಸರ್ಕಾರದ ನೆಲ. ನಿಮ್ಮಪ್ಪ ಹೇಳಿದ ಸರ್ಕಾರಿ ಕಾಲೇಜು ಕೂಡ ಈ ಸಾಲಲ್ಲೇ ಬರುತ್ತೆ. ನಿಮ್ಮ ಟೀಮ್ ಲೀಡ್ ಸಂಬಳ ಈ ಎರಡೂ ಸೇರಿ ಆಗಿದ್ದು, ಜನರನ್ನ ತಯಾರು ಮಾಡಿದ ಸರ್ಕಾರ, ಆಮೇಲೆ ಅಡ್ಡ ಬರದೆ ಪಕ್ಕಕ್ಕೆ ಸರಿದ ಸರ್ಕಾರ. ಎರಡರಲ್ಲಿ ಒಂದನ್ನ ತೆಗೆದ್ರೂ ಬೆಂಗಳೂರು ಇಲ್ಲ.

ಸರ್ಕಾರ ಚಿಕ್ಕದಾಗಬೇಕು ಅನ್ನೋ ಮಾತಿಗೆ ನನ್ನ ತಕರಾರು ಇದೇ, ಯಾವ ಭಾಗ ಅಂತ ಹೇಳಿ. ನಮ್ಮ ದೇಶದಲ್ಲಿ ಕೇಂದ್ರ, ರಾಜ್ಯ ಎರಡೂ ಸೇರಿ ಸಂಗ್ರಹಿಸೋ ತೆರಿಗೆ ಜಿಡಿಪಿಯ 17-18% ಆಸುಪಾಸು, ಡೆನ್ಮಾರ್ಕಲ್ಲಿ ಅದು 40 ದಾಟಿದೆ, ಅವರೇನು ಬಡವರಾಗಿಲ್ಲ. 10 ಲಕ್ಷ ಜನಕ್ಕೆ 50 ಜಡ್ಜ್ ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು, ಇವತ್ತಿಗೂ ಇರೋದು 21 ಆಸುಪಾಸು. ಬಾಕಿ ಕೇಸು 5 ಕೋಟಿ ಮೇಲೆ. ನಿಮ್ಮಪ್ಪನ ವ್ಯಾಪಾರಕ್ಕೆ ಇದು ಹೆಂಗೆ ಹೊಡೆಯುತ್ತೆ ಅಂತ ಒಂದು ಉದಾಹರಣೆ ಹೇಳ್ತೀನಿ. ನನ್ನ ಹತ್ರ ಬರೋ ಒಬ್ಬ ಸಿಮೆಂಟು, ಕಂಬಿ ವ್ಯಾಪಾರಿ ಒಬ್ಬ ಕಂಟ್ರಾಕ್ಟರಿಗೆ ನಾಲ್ಕೂವರೆ ಲಕ್ಷದ ಮಾಲು ಉದ್ದರಿ ಕೊಟ್ರು, ಚೆಕ್ ಬೌನ್ಸ್ ಆಯ್ತು. ಇಂಥ ಕೇಸನ್ನ ಆರು ತಿಂಗಳಲ್ಲಿ ಮುಗಿಸೋಕೆ ಪ್ರಯತ್ನ ಮಾಡ್ಬೇಕು ಅಂತ ಕಾನೂನಲ್ಲೇ ಬರೆದಿದೆ. ಮುಗಿಯೋಕೆ ಆರು ವರ್ಷ ಹಿಡೀತು, ಅಷ್ಟರಲ್ಲಿ ಅವರು ಮಾಲಿಗೆ ಕಟ್ಟಿದ್ದ ಜಿಎಸ್‌ಟಿ ಹೋಯ್ತು, ವಕೀಲರ ಫೀಸು ಹೋಯ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವರು ಆವತ್ತಿಂದ ಹೊಸ ಗಿರಾಕಿಗೆ ಉದ್ದರಿ ಕೊಡೋದನ್ನೇ ನಿಲ್ಲಿಸಿದ್ರು. ವ್ಯಾಪಾರ ಅಲ್ಲಿಗೇ ನಿಂತ್ಕೊಂಡ್ತು. ಇವರಿಗೆ ಆದಾಯ ತೆರಿಗೆ 5% ಇಳಿಸಿದ್ರೆ ಎಷ್ಟು ಉಪಯೋಗ, ಇನ್ನಿಬ್ಬರು ಜಡ್ಜ್‌ನ ಹಾಕಿದ್ರೆ ಎಷ್ಟು ಉಪಯೋಗ ಅಂತ ಲೆಕ್ಕ ಹಾಕಿ. ಮುಕ್ತ ಮಾರುಕಟ್ಟೆ ವಾದದ ಮೂಲಪುರುಷ ಆಡಮ್ ಸ್ಮಿತ್ 1776ರಲ್ಲೇ ಬರೆದಿದ್ರು, ರಕ್ಷಣೆ, ನ್ಯಾಯ, ಖಾಸಗಿಯವರಿಗೆ ಲಾಭ ಆಗದ ರಸ್ತೆ ಸೇತುವೆಯಂಥ ಕೆಲಸ, ಇವು ಸರ್ಕಾರದ್ದೇ ಅಂತ. ಮುಕ್ತ ಮಾರುಕಟ್ಟೆ ಅಂದ್ರೆ ಕೋರ್ಟು ಇಲ್ಲದ ಮಾರುಕಟ್ಟೆ ಅಂತ ಅವರು ಯಾವತ್ತೂ ಅಂದಿಲ್ಲ.

ಇನ್ನು ಗ್ಯಾರಂಟಿ. ಟೀಮ್ ಲೀಡ್ ಇದನ್ನ ಬಿಟ್ಟಿರಲ್ಲ ಅಂತ ಅಂದ್ಕೊಂಡಿದ್ದೀನಿ. ಕರ್ನಾಟಕದ 2025-26ರ ಬಜೆಟ್ 4.09 ಲಕ್ಷ ಕೋಟಿ, ಅದರಲ್ಲಿ ಐದು ಗ್ಯಾರಂಟಿಗೆ ಸುಮಾರು 51,000 ಕೋಟಿ. ಬಡವರ ಮನೆಗೆ ನೇರವಾಗಿ ದುಡ್ಡು ಕೊಡೋದು ಮುಕ್ತ ಮಾರುಕಟ್ಟೆಗೆ ವಿರುದ್ಧ ಅಂತ ತಿಳ್ಕೊಂಡಿರೋದು ತಪ್ಪು, ಫ್ರೀಡ್ಮನ್ ಅವರೇ 1962ರಲ್ಲಿ ಋಣಾತ್ಮಕ ಆದಾಯ ತೆರಿಗೆ ಅಂತ ಬರೆದ್ರು, ಹತ್ತು ಇಲಾಖೆ, ಹತ್ತು ಸಬ್ಸಿಡಿ ಇಡೋ ಬದ್ಲು ಕಮ್ಮಿ ಆದಾಯದೋರ ಕೈಗೆ ದುಡ್ಡೇ ಕೊಡಿ ಅಂತ. ಹಂಗೆ ನೋಡಿದ್ರೆ ಮನೆ ಯಜಮಾನಿ ಖಾತೆಗೆ 2,000 ಹಾಕೋದು ಗೊಬ್ಬರದ ಸಬ್ಸಿಡಿಗಿಂತ ಫ್ರೀಡ್ಮನ್‌ಗೆ ಹತ್ತಿರ. ಆದ್ರೆ ಅವರು ಹೇಳಿದ್ದು ಹಳೇದನ್ನ ತೆಗೆದು ಇದನ್ನ ಕೊಡಿ ಅಂತ, ಹಳೇದರ ಮೇಲೆ ಇದನ್ನೂ ಹಾಕಿ ಅಂತಲ್ಲ. ಹಳೇದು ತೆಗೆಯದೇ ಇದ್ದಾಗ ದುಡ್ಡು ಬೇರೆ ಕಡೆಯಿಂದ ಬರ್ಲೇಬೇಕು. 2024ರ ಜೂನ್‌ನಲ್ಲಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ ಏರ್ತು, 2025ರ ಆಗಸ್ಟ್ ಕೊನೆಗೆ ಆಸ್ತಿ ನೋಂದಣಿ ಶುಲ್ಕ 1%ರಿಂದ 2% ಆಯ್ತು. ಕೇಂದ್ರದ್ದೂ ಇದೇ ಕತೆ, 2024-25ರ ಬಜೆಟ್‌ನಲ್ಲಿ 48 ಲಕ್ಷ ಕೋಟಿ ಖರ್ಚಲ್ಲಿ 11.6 ಲಕ್ಷ ಕೋಟಿ ಬರೀ ಬಡ್ಡಿಗೆ. ಹಿಂದೆ ಮುಂದೂಡಿದ ತೆರಿಗೆನೇ ಈಗ ನಾವು ಕಟ್ತಿರೋದು.

ದುಡಿಯೋರನ್ನ ಪ್ರತಿ ಹೆಜ್ಜೆಗೂ ತಡೆಯೋ ಕಿರಿಕಿರಿ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ನನ್ನ ಮಟ್ಟಿಗೆ ಎಲ್ಲದಕ್ಕಿಂತ ಮುಖ್ಯ ಇದು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ರಾಜ್ಯಗಳ ಗಡೀಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್ ಎದ್ದು ಹೋದ್ವು. ಅದಕ್ಕೂ ಹಿಂದೆ ಒಂದು ಸಲ ಕ್ಲೈಂಟ್ ಲಾರಿ ಒಂದು ಕಾಗದದಲ್ಲಿ ತಾರೀಕು ತಪ್ಪಿದ್ದಕ್ಕೆ ರಾತ್ರಿಯೆಲ್ಲಾ ಗಡೀಲಿ ನಿಂತಿತ್ತು, ನಾನು ಬೆಳಗಿನ ಜಾವ ಬಸ್ಸಲ್ಲಿ ಹೋಗಿ ಸರಿಪಡಿಸಿದ್ದೆ, ನಮ್ಮ ಹಿಂದೆ ಲಾರಿ ಸಾಲು ಕಣ್ಣಿಗೆ ಕಾಣೋಷ್ಟು ದೂರ ಇತ್ತು, ಡ್ರೈವರುಗಳು ರಸ್ತೆ ಬದೀಲಿ ಸ್ಟೌ ಹಚ್ಕೊಂಡು ಅನ್ನ ಮಾಡ್ತಿದ್ರು. ಆ ಸಾಲು ಈಗಿಲ್ಲ. ತೆರಿಗೆ ದರ ಎಷ್ಟೋ ವಸ್ತುಗೆ ಹಂಗೇ ಇದೆ, ಆದ್ರೆ ಲಾರಿ ಓಡ್ತಿದೆ. ಬೆಳವಣಿಗೆ ಅಂದ್ರೆ ನನಗೆ ಮೊದ್ಲು ನೆನಪಾಗೋದು ಈ ಚಿತ್ರ.

ಇದಕ್ಕೆ ಉಲ್ಟಾ ಆಗಿದ್ದು 2025ರ ಜುಲೈಯಲ್ಲಿ, ಯುಪಿಐ ಲೆಕ್ಕ ನೋಡಿ ರಾಜ್ಯದ ಸಾವಿರಾರು ಸಣ್ಣ ಅಂಗಡಿಗೆ, ಬೇಕರಿ, ಕಾಂಡಿಮೆಂಟ್ಸ್‌ಗೆಲ್ಲಾ ಹಳೇ ವರ್ಷಗಳ ತೆರಿಗೆ ಕಟ್ಟಿ ಅಂತ ನೋಟಿಸ್ ಬಂತು. ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದ್ರೆ ನೋಂದಣಿ ಮಾಡಿಸ್ಬೇಕು ಅನ್ನೋದು ಕಾನೂನು, ಇಲಾಖೆ ಕೇಳಿದ್ದು ಕಾನೂನು ಪ್ರಕಾರವೇ. ಆದ್ರೆ ಹಾಲು, ತರಕಾರಿ ಮಾರೋ ಅಂಗಡಿಗೆ, ಜಿಎಸ್‌ಟಿನೇ ಇಲ್ಲದ ಮಾಲಿಗೂ ಒಟ್ಟು ವಹಿವಾಟಿನ ಮೇಲೆ ಲಕ್ಷಗಟ್ಟಲೆ ಲೆಕ್ಕ ಹಾಕಿ ಕಳಿಸಿದ್ರೆ ಅವನು ಏನು ಮಾಡ್ಬೇಕು? ಕ್ಯೂಆರ್ ಕೋಡ್ ಕಿತ್ತು "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ರು. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಕೂತು ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು. ಆ ಬೋರ್ಡ್ ನೋಡಿದಾಗ ನನಗೆ ನಮ್ಮ ಸೀನಿಯರ್ ತೋರಿಸಿದ ಎರಡನೇ ಕಿರ್ದಿ ನೆನಪಾಯ್ತು. ದರ 97 ಇಲ್ಲದಿದ್ರೂ ಭಯ ಇದ್ರೆ ಸಾಕು, ಜನ ಬೆಳಕಿಂದ ಕತ್ತಲಿಗೆ ಹೋಗ್ತಾರೆ. ದೊಡ್ಡೋರಿಗೂ ಅಷ್ಟೇ, 2012ರಲ್ಲಿ ಸುಪ್ರೀಂ ಕೋರ್ಟ್ ತೆರಿಗೆ ಕೇಸಲ್ಲಿ ವೊಡಾಫೋನ್ ಪರ ತೀರ್ಪು ಕೊಟ್ಮೇಲೆ ಸರ್ಕಾರ ಹಿಂದಿನ ವರ್ಷಗಳಿಗೂ ಅನ್ವಯ ಆಗೋ ಹಾಗೆ ಕಾನೂನು ತಿದ್ದುಪಡಿ ಮಾಡ್ತು, ಅದನ್ನ ವಾಪಸ್ ತಗೊಳ್ಳೋಕೆ 2021ರ ಆಗಸ್ಟ್‌ವರೆಗೆ ಹಿಡೀತು, ಅಷ್ಟು ವರ್ಷ ಹೊರಗಿನ ಬಂಡವಾಳದೋರು ನಮ್ಮನ್ನ ಅನುಮಾನದಲ್ಲೇ ನೋಡಿದ್ರು.

ಈಗ ಅಪ್ಪನ ಕಂಪೋಸಿಷನ್. ವಹಿವಾಟು ವರ್ಷಕ್ಕೆ ಒಂದೂವರೆ ಕೋಟಿ ಒಳಗಿದ್ರೆ ಹೋಗಬಹುದು, ವ್ಯಾಪಾರಿಗೆ ದರ 1%, ಮೂರು ತಿಂಗಳಿಗೊಮ್ಮೆ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಆದ್ರೆ ಆ 1% ಗಿರಾಕಿ ಹತ್ರ ತಗೊಳ್ಳೋ ಹಾಗಿಲ್ಲ, ತನ್ನ ಕೈಯಿಂದ. ಮಾಲು ತರಿಸುವಾಗ ಕಟ್ಟಿದ 18%ಗೆ ಇನ್‌ಪುಟ್ ಕ್ರೆಡಿಟ್, ಅಂದ್ರೆ ಖರೀದೀಲಿ ಕಟ್ಟಿದ ತೆರಿಗೆನ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳೋ ಅವಕಾಶ, ಸಿಗಲ್ಲ, ಅದು ಅಸಲಿಗೇ ಸೇರುತ್ತೆ. ಬೇರೆ ರಾಜ್ಯಕ್ಕೆ ಮಾರೋ ಹಾಗಿಲ್ಲ, ತರಿಸಬಹುದು. ಲೆಕ್ಕ ಹಾಕಿದ್ರೆ ಎಷ್ಟೋ ಅಂಗಡಿಗೆ ಇದರಲ್ಲಿ ದುಡ್ಡು ಉಳಿಯೋದು ಕಮ್ಮಿ, ಆದ್ರೂ ಜನ ಹೋಗ್ತಾರೆ, ಯಾಕಂದ್ರೆ ತಿಂಗಳ ತಲೆನೋವು ತಪ್ಪುತ್ತೆ, ರಾತ್ರಿ ನಿದ್ದೆ ಬರುತ್ತೆ. ನಾನು ಇಷ್ಟೊತ್ತು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಗೊತ್ತಿಲ್ಲ, ಮನುಷ್ಯ ನೆಮ್ಮದಿಗೆ ಕೈಯಿಂದ ದುಡ್ಡು ಕೊಡ್ತಾನೆ.

ನಿಮ್ಮಪ್ಪನ ವಿಷಯದಲ್ಲಿ ನೋಡ್ಬೇಕಾಗಿದ್ದು ಗಿರಾಕಿ ಯಾರು ಅಂತ. ಮನೆ ರಿಪೇರಿಗೆ ಮೊಳೆ, ನಲ್ಲಿ, ಒಂದು ಡಬ್ಬ ಪೇಂಟ್ ತಗೊಳ್ಳೋರೇ ಜಾಸ್ತಿ ಇದ್ರೆ ಕಂಪೋಸಿಷನ್ ಸರಿ. ಕಂಟ್ರಾಕ್ಟರುಗಳು ಜಾಸ್ತಿ ಇದ್ರೆ ಬೇಡವೇ ಬೇಡ, ಅವರಿಗೆ ಟ್ಯಾಕ್ಸ್ ಇನ್‌ವಾಯ್ಸ್ ಬೇಕು, ಕ್ರೆಡಿಟ್ ಸಿಗದಿದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಅದರಲ್ಲೂ ಈಗ ಸಿಮೆಂಟಿನ ಜಿಎಸ್‌ಟಿ 28%ರಿಂದ 18%ಗೆ ಇಳಿದ್ಮೇಲೆ ಅವರ ಖರೀದಿ ಜಾಸ್ತಿ ಆಗೋ ಸಾಧ್ಯತೆ ಇದೆ. ಹೋಗೋದಾದ್ರೆ ಮಾರ್ಚ್ 31ರೊಳಗೆ ಪೋರ್ಟಲ್‌ನಲ್ಲಿ ಅರ್ಜಿ ಹಾಕ್ಬೇಕು, ಮುಂದಿನ ಏಪ್ರಿಲ್‌ನಿಂದ ಜಾರಿ. ಆವತ್ತು ಅಂಗಡೀಲಿರೋ ಸ್ಟಾಕಿನ ಮೇಲೆ ಈಗಾಗಲೇ ತಗೊಂಡ ಕ್ರೆಡಿಟ್ ವಾಪಸ್ ಕಟ್ಬೇಕಾಗುತ್ತೆ, ಇದನ್ನ ಎಷ್ಟೋ ಜನ ಮರೀತಾರೆ, ಹಂಗಾಗಿ ಫೆಬ್ರವರೀಲೇ ಒಂದು ಭಾನುವಾರ ಊರಿಗೆ ಹೋಗಿ ಅಪ್ಪನ ಜೊತೆ ಕೂತು ಸ್ಟಾಕ್ ಎಣಿಸಿ, ಕಂಬಿ, ಸಿಮೆಂಟು, ಪೈಪು, ಪೇಂಟು ಬೇರೆ ಬೇರೆ ಬರ್ಕೊಳ್ಳಿ, ಹಿಂದಿನ ವರ್ಷದ ಬಿಲ್ ಪುಸ್ತಕದಲ್ಲಿ ಜಿಎಸ್‌ಟಿ ನಂಬರ್ ಕೊಟ್ಟು ತಗೊಂಡ ಗಿರಾಕಿಗಳ ಬಿಲ್ಲು ಎಷ್ಟಿದೆ ಅಂತ ಒಟ್ಟು ಹಾಕಿ. ಅದು ಅರ್ಧಕ್ಕಿಂತ ಹೆಚ್ಚಿದ್ರೆ ಈಗಿರೋ ಹಾಗೇ ಇರ್ಲಿ.